ಸಂಚಿಕೆ ಬರಹ: ಗುತ್ತಲದ ಬರಗಲ್ಲು, ಕುಸನೂರಿನ ನೀಲಗಿರಿ, ನಮ್ಮ ಹೊಲದ ಮೋಟಾರು

ಈ ವಾರದ ಕಥೆ ನಮ್ಮೂರಿಂದಲೇ ಶುರು ಆಗ್ತದೆ. ಹಾವೇರಿ ತಾಲ್ಲೂಕಿನ ಗುತ್ತಲ. ಇತಿಹಾಸ ಓದಿದವರಿಗೆ ಇದು ಗುತ್ತವೊಳಲು, ಅಂದ್ರೆ ಗುತ್ತ ಅರಸರ ರಾಜಧಾನಿ. ಕಲ್ಯಾಣದ ಚಾಲುಕ್ಯರ ಕೈಕೆಳಗೆ ಆಳಿದ ಈ ಮನೆತನ ತಮ್ಮ ಮೂಲವನ್ನು ಉಜ್ಜಯಿನಿಯ ವಿಕ್ರಮಾದಿತ್ಯನ ತನಕ ಒಯ್ಯುತ್ತಿತ್ತು. ಹತ್ತಿರದಲ್ಲೇ ತುಂಗಭದ್ರೆಯ ದಂಡೆಯ ಮೇಲೆ ಚೌಡದಾನಪುರದ ಮುಕ್ತೇಶ್ವರ ಗುಡಿ ಇದೆ, ಅಲ್ಲಿನ ಶಾಸನಗಳಲ್ಲಿ ಇವರ ಹೆಸರು ಸಿಗ್ತದೆ. ಆದರೆ ನಾನು ಇವತ್ತು ಅರಸರ ವಿಷಯ ಹೇಳೋಕೆ ಬಂದಿಲ್ಲ. ಸತ್ತವರ ಒಂದು ಲೆಕ್ಕದ ವಿಷಯ ಹೇಳೋಕೆ ಬಂದಿದ್ದೇನೆ.

ನಮ್ಮೂರಿನ ಚಂದ್ರಶೇಖರ ದೇವಸ್ಥಾನದ ಹತ್ತಿರ ಒಂದು ಕನ್ನಡ ಶಾಸನ ಇತ್ತೀಚೆಗೆ ಬೆಳಕಿಗೆ ಬಂತು. ಕಾಲ ಶಕವರ್ಷ 1461. ಇಂಗ್ಲಿಷ್ ತಾರೀಖಿಗೆ ಇಳಿಸಿದರೆ 1539ರ ಆಗಸ್ಟ್ 18. ಅದರಲ್ಲಿರೋದು ಇಷ್ಟೇ: ಬರದಿಂದ ಸತ್ತ 6,307 ಹೆಣಗಳನ್ನು ಮರುಳಯ್ಯ ಒಡೆಯ ಎಂಬುವವರು ಹೂಳಿಸಿದರು, ಆ ಪುಣ್ಯ ಗುತ್ತಲದ ನಾನಿದೇವ ಒಡೆಯರಿಗೆ ಸಲ್ಲಲಿ.

ಈ ಸುದ್ದಿ ಓದಿದಾಗ ನನ್ನ ಕಣ್ಣು ಮೊದಲು ಹೋಗಿದ್ದು ಆ ಸಂಖ್ಯೆಯ ಕೊನೆಯ ಏಳರ ಮೇಲೆ. ನಾನು ಬಿ.ಕಾಂ ಓದಿದವನು, ದುಂಡು ಸಂಖ್ಯೆ ಕಂಡರೆ ನಮಗೆ ಅನುಮಾನ. ಆರು ಸಾವಿರ ಅಂತ ಬರೆದಿದ್ದರೆ ಅದು ಅಂದಾಜು ಆಗ್ತಿತ್ತು. 6,307 ಅಂತ ಬರೆದಿದ್ದಾರೆ ಅಂದ್ರೆ ಯಾರೋ ಒಬ್ಬರು ನಿಂತು ಎಣಿಸಿದ್ದಾರೆ. ಒಂದೊಂದೇ ಹೆಣ.

ಹಳೆಯ ಕಾಲದಲ್ಲಿ ಬರ ಬಂದರೆ ಜನ ಏನು ಮಾಡ್ತಿದ್ದರು ಅನ್ನೋದಕ್ಕೆ ಆ ಕಲ್ಲು ಒಂದು ಉತ್ತರ. ಎಣಿಸಿದರು, ಹೂಳಿದರು, ಪುಣ್ಯದ ಖಾತೆಗೆ ಬರೆದರು. ಬರ ಅಂದರೆ ಮೇಲಿನಿಂದ ಬಂದದ್ದು, ಅದಕ್ಕೆ ಹೊಣೆ ಅಂತ ಯಾರೂ ಇಲ್ಲ. ಯಾರನ್ನು ಕೇಳಬೇಕು? 1791-92ರ ಡೋಗಿ ಬರದಲ್ಲೂ ಅಷ್ಟೇ. ಹೂಳೋಕೂ ಆಗದೆ ಬಿದ್ದ ತಲೆಬುರುಡೆಗಳೇ ಆ ಬರಕ್ಕೆ ಹೆಸರು ಕೊಟ್ಟವು.

ಇವತ್ತು ಮಳೆ ತಪ್ಪಿದರೆ ನಾವು ಹಾಗೆ ಸುಮ್ಮನಿರೋಲ್ಲ. ಹವಾಮಾನ ಬದಲಾಗ್ತಿದೆ, ಅದರಲ್ಲಿ ಮನುಷ್ಯನ ಕೈ ಇದೆ ಅಂತ ಗೊತ್ತಿದೆ. ಹೊಣೆ ಯಾರದು ಅಂತ ಕೇಳ್ತೀವಿ. ಕೋರ್ಟಿಗೂ ಹೋಗ್ತೀವಿ. "ಮೇಲಿನಿಂದ ಬಂತು" ಅನ್ನೋ ಮಾತಿನಿಂದ "ಯಾರು ಹೊಣೆ" ಅನ್ನೋ ಪ್ರಶ್ನೆಗೆ ನಮ್ಮ ಸೀಮೆ ಹೇಗೆ ಬಂದು ಮುಟ್ಟಿತು? ಇವತ್ತಿನ ಸಂಚಿಕೆ ಅದರ ಬಗ್ಗೆ.

ಹೊಳೆ ಆಚೆ ಒಂದು ಕಾರ್ಖಾನೆ

1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ನಡೀತು. ಅದಾದ ಮೇಲೆ ನಮ್ಮ ದೇಶದಲ್ಲಿ ಕಾನೂನುಗಳು ಒಂದರ ಹಿಂದೆ ಒಂದು ಬಂದವು. 1974ರಲ್ಲಿ ಜಲಮಾಲಿನ್ಯ ತಡೆ ಕಾಯ್ದೆ, ಅದೇ ವರ್ಷ ಕರ್ನಾಟಕಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿ. 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ. ಪರಿಸರ ಕಾಪಾಡೋದು ಸರ್ಕಾರದ ಕೆಲಸ ಅಂತ 48ಎ ವಿಧಿ ಹೇಳಿತು, ಪ್ರಜೆಯ ಕರ್ತವ್ಯವೂ ಹೌದು ಅಂತ 51ಎ ವಿಧಿ ಹೇಳಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ, 1981ರಲ್ಲಿ ವಾಯುಮಾಲಿನ್ಯ ಕಾಯ್ದೆ. 1984ರ ಡಿಸೆಂಬರಿನಲ್ಲಿ ಭೋಪಾಲ್ ದುರಂತ, ಅದರ ಬೆನ್ನಿಗೆ 1986ರ ಪರಿಸರ ಸಂರಕ್ಷಣಾ ಕಾಯ್ದೆ.

ಪುಸ್ತಕದಲ್ಲಿ ಇಷ್ಟು ಸಲೀಸು. ಆದರೆ ಕಾನೂನು ಪುಸ್ತಕದಿಂದ ಇಳಿದು ಊರಿಗೆ ಬರಬೇಕಾದರೆ ಯಾರಾದರೂ ಹೋಗಿ ಕರ್ಕೊಂಡು ಬರಬೇಕು.

ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣ ನಿಮಗೆ ಗೊತ್ತಿರಬಹುದು. ಹರಿಹರದಿಂದ ತುಂಗಭದ್ರೆ ದಾಟಿದರೆ ಸಿಗೋ ಊರು. ಅಲ್ಲಿ ಬಿರ್ಲಾ ಸಮೂಹದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಶುರು ಆಯ್ತು. ಕಟ್ಟಿಗೆಯಿಂದ ತಿರುಳು ತೆಗೆದು, ರೇಯಾನ್ ನೂಲಿಗೆ ಬೇಕಾದ ಕಚ್ಚಾ ಮಾಲು ಮಾಡೋ ಕಾರ್ಖಾನೆ. ಸಾವಿರಾರು ಜನಕ್ಕೆ ಅಲ್ಲಿ ಕೆಲಸ ಸಿಕ್ತು, ಇದನ್ನ ಮರೀಬಾರದು. ನಮ್ಮ ಕಡೆ ಎಷ್ಟೋ ಮನೆಗಳ ಮಕ್ಕಳು ಆ ಪಗಾರದಲ್ಲೇ ಓದಿದ್ದಾರೆ. ಆದರೆ ಇಂಥ ಕಾರ್ಖಾನೆಗೆ ಎರಡು ವಸ್ತು ಬಹಳ ಬೇಕು: ನೀರು ಮತ್ತು ಕಟ್ಟಿಗೆ. ಬಳಸಿದ ನೀರು ಮತ್ತೆ ಹೊಳೆಗೇ ಬರಬೇಕು. 1980ರ ದಶಕದಲ್ಲಿ ಕೆಳದಂಡೆಯ ಊರಿನವರು ನೀರು ಕೆಟ್ಟಿದೆ, ಮೀನು ಸಾಯ್ತಿವೆ ಅಂತ ದನಿ ಎತ್ತಿದರು. ಆಗ ಈ ಜನರ ಜೊತೆ ನಿಂತದ್ದು ಧಾರವಾಡದ ಸಮಾಜ ಪರಿವರ್ತನ ಸಮುದಾಯ. ಅದರ ಮುಂಚೂಣಿಯಲ್ಲಿ ಇದ್ದವರು ಎಸ್.ಆರ್. ಹಿರೇಮಠ. ಅಮೆರಿಕದ ಕೆಲಸ ಬಿಟ್ಟು ಬಂದು ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ಗ್ರಾಮಾಭಿವೃದ್ಧಿ ಕೆಲಸ ಶುರು ಮಾಡಿದವರು.

ನೀರಿನ ಜಗಳ ಒಂದು ಕಡೆ ಇರಲಿ. ಕಟ್ಟಿಗೆಯ ಜಗಳ ಇನ್ನೂ ದೊಡ್ಡದು.

ಎಕರೆಗೆ ಒಂದು ರೂಪಾಯಿ

1984ರ ನವೆಂಬರ್ 14. ಕರ್ನಾಟಕ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅನ್ನೋ ಕಂಪನಿ ಕಟ್ಟಿದವು. ಚಿಕ್ಕದಾಗಿ ಕೆಪಿಎಲ್. ಸರ್ಕಾರದ ಪಾಲು ಶೇ. 51, ಕಂಪನಿಯ ಪಾಲು ಶೇ. 49. ಕೆಲಸ ಏನು? ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಜಮೀನಿನಲ್ಲಿ ನೀಲಗಿರಿ ಬೆಳೆದು ಕಾರ್ಖಾನೆಗೆ ಕಳಿಸೋದು.

ಇಲ್ಲಿ ನನ್ನೊಳಗಿನ ಬಿ.ಕಾಂ ಎದ್ದು ಕೂತ್ಕೋತಾನೆ. ಷರತ್ತುಗಳನ್ನ ಒಮ್ಮೆ ನೋಡಿ. ಗುತ್ತಿಗೆ 40 ವರ್ಷ. ಬಾಡಿಗೆ ವರ್ಷಕ್ಕೆ ಎಕರೆಗೆ ಒಂದು ರೂಪಾಯಿ. ಬೆಳೆದ ಮರದಲ್ಲಿ ಶೇ. 87.5 ನೇರ ಕಾರ್ಖಾನೆಗೆ, ಉಳಿದ ಶೇ. 12.5 ಕೊಳ್ಳುವ ಆಯ್ಕೆಯೂ ಅದಕ್ಕೇ. ಸಾಲಕ್ಕೆ ಜಾಮೀನು ಸರ್ಕಾರದ್ದು. 30,000 ಹೆಕ್ಟೇರ್ ಅಂದ್ರೆ ಸುಮಾರು 74,000 ಎಕರೆ. ಅಷ್ಟೂ ಜಮೀನಿಗೆ ವರ್ಷದ ಬಾಡಿಗೆ ಸುಮಾರು 74,000 ರೂಪಾಯಿ! ಶೇ. 51 ಪಾಲು ಇಟ್ಕೊಂಡ ಯಜಮಾನ ಇಂಥ ಒಪ್ಪಂದಕ್ಕೆ ಸಹಿ ಹಾಕ್ತಾನೆ ಅಂದ್ರೆ ಅವನು ತನ್ನ ಆಸ್ತಿಯ ಬೆಲೆಯನ್ನೇ ಕಟ್ಟಿಲ್ಲ ಅಂತ ಅರ್ಥ.

ಬೆಲೆ ಇರಲಿಲ್ವಾ? ಇತ್ತು. ಸರ್ಕಾರದ ದಫ್ತರದಲ್ಲಿ ಇರಲಿಲ್ಲ, ಅಷ್ಟೇ. ಆ ಜಮೀನಿನಲ್ಲಿ ಊರಿನ ದನ ಮೇಯ್ತಿದ್ದವು. ಹೆಣ್ಣುಮಕ್ಕಳು ಒಲೆಗೆ ಪುಳ್ಳೆ ತರ್ತಿದ್ದರು. ಹುಲ್ಲು, ಸೊಪ್ಪು, ಹಣ್ಣು, ನೇಗಿಲಿಗೆ ಕಟ್ಟಿಗೆ, ಎಲ್ಲ ಅಲ್ಲಿಂದಲೇ. ಭೂಮಿ ಇಲ್ಲದವನಿಗೆ ಅದೇ ಭೂಮಿ. ನೀಲಗಿರಿ ಎಲೆಯನ್ನ ದನ ಮುಟ್ಟೋದಿಲ್ಲ. ಹಾಗಾಗಿ ಅಲ್ಲಿ ನೀಲಗಿರಿ ನೆಟ್ಟರೆ ಬರೀ ಗಿಡ ಬದಲಾಗೋದಿಲ್ಲ, ಯಜಮಾನ ಬದಲಾಗ್ತಾನೆ.

ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋಯ್ತು. ಅರ್ಜಿದಾರರಲ್ಲಿ ಒಬ್ಬರು ಕೋಟ ಶಿವರಾಮ ಕಾರಂತರು. ಆಗ ಅವರಿಗೆ ಎಂಬತ್ತು ದಾಟಿತ್ತು. 1987ರ ಮಾರ್ಚ್ 24ರಂದು ಕೋರ್ಟು ತಡೆಯಾಜ್ಞೆ ಕೊಟ್ಟಿತು: ಇನ್ನು ಮುಂದೆ ಕಂಪನಿಗೆ ಜಮೀನು ಕೊಡುವಂತಿಲ್ಲ.

ಸಿನಿಮಾ ಆಗಿದ್ದರೆ ಇಲ್ಲಿಗೆ ಮುಗೀತಿತ್ತು.

ಕಿತ್ತಿಕೋ, ಹಚ್ಚಿಕೋ

ಹಾನಗಲ್ ತಾಲ್ಲೂಕಿನ ಕುಸನೂರು. ಆಗಿನ್ನೂ ಧಾರವಾಡ ಜಿಲ್ಲೆ, ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ. ತಡೆಯಾಜ್ಞೆ ಬರೋದಕ್ಕೆ ಮುಂಚೆಯೇ ಅಲ್ಲಿ ಸುಮಾರು 400 ಹೆಕ್ಟೇರ್ ಕೆಪಿಎಲ್ ಕೈ ಸೇರಿತ್ತು. 1987ರ ಮೇ ತಿಂಗಳಲ್ಲಿ ಅಲ್ಲಿ ಅಹಿಂಸೆಯ ತರಬೇತಿ ಶಿಬಿರ ನಡೀತು. ಊರೂರಿನಲ್ಲಿ ಸಭೆಗಳಾದವು. ನವೆಂಬರ್ 14ಕ್ಕೆ, ಕೆಪಿಎಲ್ ಹುಟ್ಟಿ ಮೂರು ವರ್ಷ ಆದ ದಿನವೇ, ಸುಮಾರು ಎರಡು ಸಾವಿರ ಜನ ಸೇರಿದರು. ಶಾಲೆಯ ಬಯಲಿನಲ್ಲಿ ಅಹಿಂಸೆಯ ಪ್ರತಿಜ್ಞೆ ಮಾಡಿದರು. ಡೊಳ್ಳು ಬಾರಿಸ್ಕೊಂಡು ಮೆರವಣಿಗೆಯಲ್ಲಿ ಹೋಗಿ ನೀಲಗಿರಿ ಸಸಿ ಕಿತ್ತರು. ಕಿತ್ತ ಜಾಗದಲ್ಲಿ ಹಣ್ಣಿಗೆ, ಮೇವಿಗೆ ಬರೋ ಗಿಡ ಹಚ್ಚಿದರು. ನೀರು ಹಾಕಿ ನೋಡ್ಕೋತೀವಿ ಅಂತ ಮಾತು ಕೊಟ್ಟು ಮನೆಗೆ ಹೋದರು. ಇದೇ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ.

ಬೆಂಗಳೂರು ಕಡೆಯ ಕೇಳುಗರಿಗೆ ಒಂದು ಮಾತು: ನಮ್ಮ ಕಡೆ ಗಿಡ ನೆಡೋದು ಅನ್ನೋದು ಕಡಿಮೆ, ಗಿಡ ಹಚ್ಚೋದು ಅಂತೀವಿ. ದೀಪನೂ ಹಚ್ತೀವಿ, ಗಿಡನೂ ಹಚ್ತೀವಿ. ಇದಕ್ಕೆ ನಾಲ್ಕು ವರ್ಷ ಮೊದಲು, 1983ರಲ್ಲಿ, ಶಿರಸಿ ಕಡೆ ಅಪ್ಪಿಕೋ ಚಳವಳಿ ನಡೆದಿತ್ತು. ಅಲ್ಲಿ ಇದ್ದ ಮರ ಉಳಿಸ್ಕೋಬೇಕಿತ್ತು, ಅದಕ್ಕೇ ಅಪ್ಪಿಕೊಂಡರು. ಇಲ್ಲಿ ತಪ್ಪು ಮರವೇ ಬಂದು ನಿಂತಿತ್ತು, ಅದಕ್ಕೇ ಕಿತ್ತರು.

ಮುಂದೆ ಏನಾಯ್ತು? 1988ರ ಏಪ್ರಿಲ್ 26ರಂದು ಸುಪ್ರೀಂ ಕೋರ್ಟು ತನ್ನ ತಡೆಯಾಜ್ಞೆಯನ್ನ ಭಾಗಶಃ ಸಡಿಲ ಮಾಡ್ತು, ಇನ್ನೂ 3,000 ಹೆಕ್ಟೇರ್ ಕೊಡಬಹುದು ಅಂತು. ಕಾನೂನನ್ನೇ ನಂಬ್ಕೊಂಡು ಕೂತಿದ್ದರೆ ಕಥೆ ಅಲ್ಲಿಗೆ ಮುಗೀತಿತ್ತು. ಜನ ಮತ್ತೆ ಸತ್ಯಾಗ್ರಹಕ್ಕೆ ತಯಾರಾದರು, ಪತ್ರಿಕೆಗಳು ಬರೆದವು, ಸರ್ಕಾರದ ಮೇಲೆ ಒತ್ತಡ ಬಿತ್ತು. ಕೊನೆಗೆ 1991ರಲ್ಲಿ ಕೆಪಿಎಲ್ ಬಾಗಿಲು ಮುಚ್ಚಿತು.

ಈ ಇತಿಹಾಸದಿಂದ ನಾನು ಕಲಿತದ್ದು ಇದು. ಕಾನೂನು ಬಂಡಿಯ ಬ್ರೇಕ್ ಇದ್ದ ಹಾಗೆ. ಬೇಕೇ ಬೇಕು. ಆದರೆ ಅದು ಜಾರ್ತದೆ, ಒತ್ತಿ ಹಿಡಿಯೋ ಕಾಲು ಬೇಕು. ಅದೇ ಸಮಾಜ ಪರಿವರ್ತನ ಸಮುದಾಯ ಮುಂದೆ ಬಳ್ಳಾರಿ ಗಣಿಗಾರಿಕೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯ್ತು. 2011ರಲ್ಲಿ ಅಲ್ಲಿ ಗಣಿಗಾರಿಕೆ ನಿಂತಿತು, 2013ರ ತೀರ್ಪಿನಲ್ಲಿ ಅತಿ ಹೆಚ್ಚು ಅಕ್ರಮ ಕಂಡ ಗುತ್ತಿಗೆಗಳು ರದ್ದಾದವು. ನೀಲಗಿರಿ ನೆಡೋದನ್ನ ಕರ್ನಾಟಕ ಸರ್ಕಾರವೇ 2017ರಲ್ಲಿ ನಿಷೇಧ ಮಾಡ್ತು. ಕುಸನೂರಿನವರು ಹೇಳಿದ್ದು ಸರ್ಕಾರಕ್ಕೆ ಕೇಳಿಸೋಕೆ ಮೂವತ್ತು ವರ್ಷ ಹಿಡೀತು.

ಯೂನಿಟ್‌ಗೆ ಸೊನ್ನೆ ರೂಪಾಯಿ

ಈಗ ಕರೆಂಟಿಗೆ ಬರೋಣ. ಇಷ್ಟು ಹೊತ್ತು ಬೇರೆಯವರ ತಪ್ಪು ಹೇಳಿದೆ. ಇದು ನಮ್ಮ ಮನೆಯದು.

ಹವಾಮಾನ ಬದಲಾವಣೆಗೆ ಉತ್ತರ ಅಂದ್ರೆ ಬರೀ ಮರ ನೆಡೋದಲ್ಲ, ಸುಡೋದನ್ನ ಕಮ್ಮಿ ಮಾಡೋದು. ಅದಕ್ಕೂ ನಮ್ಮಲ್ಲಿ ಕಾನೂನು ಇದೆ. 2001ರ ಇಂಧನ ಸಂರಕ್ಷಣಾ ಕಾಯ್ದೆ. ಫ್ರಿಜ್ಜಿನ ಮೇಲೆ ನೀವು ನೋಡೋ ನಕ್ಷತ್ರದ ಗುರುತು ಇದರಿಂದ ಬಂದದ್ದೇ. 2012ರಲ್ಲಿ ಇದೇ ಕಾಯ್ದೆಯ ಅಡಿ ದೊಡ್ಡ ಕಾರ್ಖಾನೆಗಳಿಗೆ ಗುರಿ ಹಾಕಿದರು. ಎಂಟು ಉದ್ಯಮಗಳ 478 ಘಟಕಗಳು, ಕಾಗದ-ತಿರುಳು ಮತ್ತು ಜವಳಿಯೂ ಸೇರಿ. ಗುರಿ ಮುಟ್ಟದವನು ಮುಟ್ಟಿದವನಿಂದ ಪ್ರಮಾಣಪತ್ರ ಕೊಳ್ಳಬೇಕು. ಮೂರು ವರ್ಷದಲ್ಲಿ ಉಳಿದದ್ದು 86 ಲಕ್ಷ ಟನ್ ತೈಲಕ್ಕೆ ಸಮನಾದ ಇಂಧನ, ಹಾಕಿದ ಗುರಿಗಿಂತ ಜಾಸ್ತಿ. 2022ರ ತಿದ್ದುಪಡಿ ಇದನ್ನ ಇಂಗಾಲದ ವ್ಯಾಪಾರದ ತನಕ ಒಯ್ದಿದೆ.

ಮನೆಗಳಿಗೆ 2015ರಲ್ಲಿ ಎಲ್‌ಇಡಿ ಬಲ್ಬಿನ ಯೋಜನೆ ಬಂತು. ಕರ್ನಾಟಕದಲ್ಲಿ ಅದರ ಹೆಸರು ಹೊಸ ಬೆಳಕು. ಸರ್ಕಾರ ಒಟ್ಟಿಗೆ ಖರೀದಿ ಮಾಡಿದ್ದರಿಂದ ಖರೀದಿ ದರ 310 ರೂಪಾಯಿಯಿಂದ ಎರಡು ಮೂರು ವರ್ಷದಲ್ಲಿ 40ರ ಒಳಗೆ ಬಂತು. 60 ವಾಟಿನ ಬಲ್ಬ್ ತೆಗೆದು 9 ವಾಟಿನದು ಹಾಕಿದರೆ, ದಿನಕ್ಕೆ ಐದು ತಾಸು ಉರಿಸಿದರೂ, ವರ್ಷಕ್ಕೆ 93 ಯೂನಿಟ್ ಉಳಿತಾಯ.

ಡಿಗ್ರಿ ಮುಗಿಸಿ ಎರಡು ವರ್ಷ ನಾನು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಲೆಕ್ಕ ಬರೆದೆ. ಮೆಣಸಿನಕಾಯಿ ಚೀಲ ಇಡೋ ಜಾಗ. ಅಲ್ಲಿ ಹಮಾಲರು ಬಾಗಿಲು ಎರಡು ನಿಮಿಷ ತೆರೆದು ಬಿಟ್ಟರೆ ಮಾಲೀಕರು ಒಳಗಿಂದಲೇ ಕೂಗ್ತಿದ್ದರು. ಅವರೇನು ಪರಿಸರವಾದಿ ಅಲ್ಲ. ಪ್ರತಿ ಯೂನಿಟ್‌ಗೂ ಬಿಲ್ಲು ಬರ್ತಿತ್ತು, ಅದಕ್ಕೆ.

ನಮ್ಮ ಹೊಲದಲ್ಲಿ ಬಿಲ್ಲು ಬರೋದಿಲ್ಲ. ಹತ್ತು ಎಚ್‌ಪಿ ತನಕದ ಪಂಪ್‌ಸೆಟ್ಟಿಗೆ ಕರ್ನಾಟಕದಲ್ಲಿ ಕರೆಂಟು ಉಚಿತ. ನಮ್ಮದು ಐದು ಎಚ್‌ಪಿ ಮೋಟಾರು, ಅದಕ್ಕೆ ಆಟೋ ಸ್ಟಾರ್ಟರ್. ರಾತ್ರಿ ಯಾವಾಗ ಕರೆಂಟು ಬಂದರೂ ತಾನೇ ಚಾಲೂ ಆಗ್ತದೆ, ಹೋಗೋ ತನಕ ಓಡ್ತದೆ. ಗೋವಿನಜೋಳಕ್ಕೆ ನೀರು ಸಾಕಾಗಿ ಬದುವಿನ ಆಚೆ ಹರೀತಿದ್ದರೂ ನಿಲ್ಲಿಸೋರಿಲ್ಲ. ಒಂದು ದಿನ ಕೂತು ಲೆಕ್ಕ ಹಾಕಿದೆ. ದಿನಕ್ಕೆ ಮೂರು ತಾಸು ಸುಮ್ಮನೆ ಓಡಿದರೆ 11 ಯೂನಿಟ್. ವರ್ಷಕ್ಕೆ 120 ದಿನ ಹಾಗೆ ಆದರೆ 1,300ಕ್ಕೂ ಮೇಲೆ. ಹದಿನಾಲ್ಕು ಎಲ್‌ಇಡಿ ಬಲ್ಬು ವರ್ಷವಿಡೀ ಉಳಿಸಿದ್ದನ್ನ ಒಂದು ಮೋಟಾರು ತಿಂದುಬಿಡ್ತದೆ. ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಅಂತ ಹಿಡಿದರೆ 900 ಕೆ.ಜಿ. ದಾಟ್ತದೆ.

ಈ ಚೀಟಿ ಹಿಡ್ಕೊಂಡು ಅಪ್ಪನ ಹತ್ತಿರ ಹೋದೆ. ಆಟೋ ತೆಗೀರಿ, ನಕ್ಷತ್ರದ ಗುರುತಿನ ಪಂಪ್ ಹಾಕೋಣ ಅಂದೆ. ಅಪ್ಪ ಚೀಟಿ ನೋಡಿ ಹೇಳಿದರು: "ತಮ್ಮಾ, ಕರೆಂಟ್ ಪುಕ್ಕಟೆ ಐತಿ, ರೊಕ್ಕ ಹಾಕಿ ಹೊಸಾ ಪಂಪ್ ಯಾಕ ತರ್ಲಿ? ರಾತ್ರಿ ಎರಡಕ್ಕ ಕರೆಂಟ್ ಕೊಡ್ತಾರ, ಹಾವಿನ ಮ್ಯಾಲೆ ಕಾಲಿಡಾಕ ನೀ ಹೊಕ್ಕಿಯೇನು?" ಆಮೇಲೆ ಒಂದು ಮಾತು ಸೇರಿಸಿದರು: "ಕಂಪನಿಗೆ ಎಕರೆಗೆ ರೂಪಾಯಿಗೆ ಭೂಮಿ ಕೊಟ್ಟ ಮಂದಿ ನನ್ನ ಮೋಟಾರಿನ ಲೆಕ್ಕ ಕೇಳ್ತಾರೇನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕೆಪಿಎಲ್ ಕಥೆ ಅವರಿಗೆ ಹೇಳಿದ್ದು ನಾನೇ.

ಆಮೇಲೆ ಯೋಚನೆ ಮಾಡಿದೆ. ಎಕರೆಗೆ ಒಂದು ರೂಪಾಯಿ ಮತ್ತು ಯೂನಿಟ್‌ಗೆ ಸೊನ್ನೆ ರೂಪಾಯಿ, ಎರಡೂ ಒಂದೇನಾ? ಅಲ್ಲ. ಒಂದು ದೊಡ್ಡ ಕಂಪನಿಗೆ ಸಿಕ್ಕಿದ್ದು, ಇನ್ನೊಂದು ಮಳೆ ನಂಬ್ಕೊಂಡ ರೈತನಿಗೆ ಸಿಕ್ಕಿದ್ದು. ನ್ಯಾಯದ ಲೆಕ್ಕದಲ್ಲಿ ಇವೆರಡನ್ನ ಒಂದೇ ತಕ್ಕಡಿಗೆ ಹಾಕೋಕೆ ಬರೋಲ್ಲ. ಉಚಿತ ಕರೆಂಟು ತೆಗೀಬೇಕು ಅಂತ ನಾನು ಹೇಳ್ತಿಲ್ಲ, ಅದನ್ನ ತೆಗೆದರೆ ಮೊದಲು ಮುಳುಗೋದು ಸಣ್ಣ ರೈತ. ಆದರೆ ಒಂದು ವಿಷಯದಲ್ಲಿ ಇವೆರಡೂ ಒಂದೇ. ಎರಡರಲ್ಲೂ ಚೀಟಿಯ ಮೇಲೆ ಬೆಲೆ ಇಲ್ಲ, ಆದರೆ ಬೆಲೆಯನ್ನ ಯಾರೋ ಕೊಡ್ತಿದ್ದಾರೆ. ಕುಸನೂರಿನಲ್ಲಿ ಕೊಟ್ಟದ್ದು ಪುಳ್ಳೆ ಆರಿಸೋ ಹೆಣ್ಣುಮಕ್ಕಳು. ನಮ್ಮ ಹೊಲದಲ್ಲಿ ಕೊಡ್ತಿರೋದು ಬೋರಿನ ತಳದ ನೀರು.

ಬರ ಮತ್ತೆ ಬಂತು

2023ರಲ್ಲಿ ಮುಂಗಾರು ಕೈಕೊಡ್ತು. ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆದವು. ಕೇಂದ್ರದಿಂದ ಪರಿಹಾರ ಬರೋದು ತಡ ಆಯ್ತು ಅಂತ ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಯ್ತು. ಏಪ್ರಿಲ್ ಕೊನೆಗೆ ಸುಮಾರು 3,454 ಕೋಟಿ ರೂಪಾಯಿ ಮಂಜೂರಾಯ್ತು, ಕೇಳಿದ್ದು 18,000 ಕೋಟಿಗೂ ಮೇಲೆ. ಸಾಕಾಯ್ತಾ ಇಲ್ಲವಾ ಅನ್ನೋದು ಬೇರೆ ಮಾತು. 1539ರಲ್ಲಿ ಬರದ ಲೆಕ್ಕ ಪುಣ್ಯದ ಕಲ್ಲಿನ ಮೇಲೆ ಹೋಗಿತ್ತು, 2024ರಲ್ಲಿ ಅರ್ಜಿಯ ಮೇಲೆ ಹೋಯ್ತು.

ಅದೇ ಮಾರ್ಚ್ ತಿಂಗಳ 21ಕ್ಕೆ ಸುಪ್ರೀಂ ಕೋರ್ಟು ಇನ್ನೊಂದು ತೀರ್ಪು ಕೊಟ್ಟಿತ್ತು, ಎಂ.ಕೆ. ರಂಜಿತ್‌ಸಿಂಹ್ ಅವರ ಪ್ರಕರಣದಲ್ಲಿ. ಹವಾಮಾನ ಬದಲಾವಣೆಯ ದುಷ್ಪರಿಣಾಮದಿಂದ ಮುಕ್ತವಾಗಿ ಬದುಕೋದು ಸಂವಿಧಾನದ 14 ಮತ್ತು 21ನೇ ವಿಧಿಗಳ ಅಡಿ ಪ್ರಜೆಯ ಹಕ್ಕು ಅಂತ ಕೋರ್ಟು ಹೇಳಿತು. ಪ್ರಕರಣ ಯಾವುದು ಗೊತ್ತಾ? ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯದು, ನಮ್ಮ ಕಡೆ ಎರೆಭೂತ ಅಂತಾರೆ. ರಾಜಸ್ಥಾನ, ಗುಜರಾತಿನಲ್ಲಿ ಸೋಲಾರ್ ಕರೆಂಟು ಸಾಗಿಸೋ ತಂತಿಗೆ ಬಡಿದು ಈ ಹಕ್ಕಿ ಸಾಯ್ತಿತ್ತು. ಹಕ್ಕಿಯೂ ಉಳೀಬೇಕು, ಕಲ್ಲಿದ್ದಲು ಸುಡದ ಕರೆಂಟೂ ಬೇಕು, ಹೇಗೆ? ಆ ಬಿಕ್ಕಟ್ಟಿನಲ್ಲೇ ಈ ಹಕ್ಕಿನ ಮಾತು ಹುಟ್ಟಿದ್ದು.

ಈ ಹಕ್ಕಿ ಒಂದು ಕಾಲಕ್ಕೆ ನಮ್ಮ ರಾಣೆಬೆನ್ನೂರಿನಲ್ಲೂ ಇತ್ತು. 1974ರಲ್ಲಿ ಘೋಷಣೆ ಆದ ಕೃಷ್ಣಮೃಗ ಅಭಯಾರಣ್ಯ ಇದೆಯಲ್ಲ, 119 ಚದರ ಕಿಲೋಮೀಟರಿನದು, ಅಲ್ಲಿ. ಎರೆಭೂತಕ್ಕೆ ಬೇಕಾದದ್ದು ಬಯಲು, ಹುಲ್ಲು. ಆ ಅಭಯಾರಣ್ಯದ ದೊಡ್ಡ ಭಾಗದಲ್ಲಿ ನಿಂತದ್ದು ನೀಲಗಿರಿ. ಈಗ ರಾಜ್ಯದಲ್ಲಿ ಈ ಹಕ್ಕಿ ಉಳಿದಿರೋದು ಬಳ್ಳಾರಿಯ ಸಿರುಗುಪ್ಪ ಕಡೆ, ಬೆರಳೆಣಿಕೆಯಷ್ಟು.

ನಮ್ಮ ಮೋಟಾರಿನ ವಿಷಯ ಹೇಳಿ ಮುಗಿಸ್ತೀನಿ. ಬರದ ವರ್ಷ ಬೇಸಿಗೆಯಲ್ಲಿ ಬೋರು ಕೆಮ್ಮೋಕೆ ಶುರು ಮಾಡ್ತು: ಹತ್ತು ನಿಮಿಷ ನೀರು, ಆಮೇಲೆ ಗಾಳಿ. ಹೊಸ ಬೋರು ಕೊರೆಸೋಕೆ ಬೇಕಾದ ಹಣ ಕೇಳಿ ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ತಾವೇ ಆಟೋ ಸ್ಟಾರ್ಟರಿನ ವೈರು ಬಿಚ್ಚಿದರು. ನನ್ನ ಚೀಟಿ ಅವರನ್ನ ಒಪ್ಪಿಸಲಿಲ್ಲ, ಬೋರು ಒಪ್ಪಿಸಿತು. ಈಗ ನಾವಿಬ್ಬರೂ ಸರದಿ ಮೇಲೆ ಹೋಗಿ ಚಾಲೂ ಮಾಡ್ತೀವಿ, ಬ್ಯಾಟರಿ ಹಿಡ್ಕೊಂಡು. ಪಂಪ್ ಇನ್ನೂ ಹಳೇದೇ. ಹಗಲು ಹೊತ್ತು ಕರೆಂಟು ಕೊಡಿ ಅಂತ ಊರಿನ ರೈತರು ಅರ್ಜಿ ಕೊಟ್ಟಿದ್ದೀವಿ. ಅದಕ್ಕೆ ಸಹಿ ಹಾಕಿದವರಲ್ಲಿ ಅಪ್ಪ ಮೊದಲನೆಯವರು.

ಮೊನ್ನೆ ಆ ಕಲ್ಲಿನ ಹತ್ತಿರ ಅವರನ್ನ ಕರ್ಕೊಂಡು ಹೋಗಿದ್ದೆ. ಅಕ್ಷರ ಅವರಿಗೂ ಓದೋಕೆ ಬರಲಿಲ್ಲ, ನನಗೂ ಬರಲಿಲ್ಲ. ಏನು ಬರೆದಿದೆ ಅಂತ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಷ್ಟೂ ಎಣಿಸಿದ್ರೇನು?"

ಹೌದು ಅಪ್ಪ, ಎಣಿಸಿದ್ದರು. ಆದರೆ ಅವರು ಎಣಿಸಿದ್ದು ಎಲ್ಲ ಮುಗಿದ ಮೇಲೆ. ನಮಗೆ ಮೊದಲೇ ಎಣಿಸೋ ಅವಕಾಶ ಇದೆ: ಯೂನಿಟ್, ಎಕರೆ, ಬೋರಿನ ಅಡಿ.

ನಿಮ್ಮ ಊರಲ್ಲಿ ಬರದ ಕಲ್ಲು ಇದ್ದರೆ, ಕುಸನೂರಿನ ಸತ್ಯಾಗ್ರಹಕ್ಕೆ ಹೋದ ಹಿರಿಯರು ಯಾರಾದರೂ ಇದ್ದರೆ, ಅವರ ಹತ್ತಿರ ಕೂತು ಮಾತಾಡಿಸಿ, ನನಗೂ ತಿಳಿಸಿ. ಮುಂದಿನ ವಾರ ಸಿಗೋಣ.